ಓದು ಬಾರದ ಮಗುವಿಗೆ ಟಾನಿಕ್ ಅಲ್ಲ, ಆಟ ಬೇಕು

"ಡಾಕ್ಟ್ರೇ, ಇವನಿಗೆ ಓದು ತಲೆಗೇ ಹತ್ತುವುದಿಲ್ಲ. ಬುದ್ಧಿ ಚುರುಕಾಗಲು ಒಂದು ಟಾನಿಕ್ ಬರೆದುಕೊಡಿ." ಉಡುಪಿ, ಕಾಪು, ಕಾರ್ಕಳ ಕಡೆಯ ಹೆತ್ತವರು ವೈದ್ಯರ ಬಳಿ ಆಗಾಗ ಆಡುವ ಮಾತಿದು. ಓದು ಕಲಿಸುವ ಟಾನಿಕ್ ಯಾವ ಔಷಧದಂಗಡಿಯಲ್ಲೂ ಇಲ್ಲ. ಬೆತ್ತದಿಂದಲೂ ಓದು ಬಾರದು. ಹೆತ್ತವರ ಕೈಯಲ್ಲೇ ಇರುವ ಒಳ್ಳೆಯ ಉಪಾಯವೆಂದರೆ ಆಟ.

ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷಿಸಿ. ಬೋರ್ಡು ಮಸುಕಾಗಿ ಕಾಣುವ ಮಗು ಅದನ್ನು ಹೇಳಿಕೊಳ್ಳುವುದಿಲ್ಲ. ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ತಿಳಿದಿರುತ್ತದೆ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಕೇಳುವುದು ಮಂದವಾಗಬಹುದು. ರಕ್ತಹೀನತೆ, ನಿದ್ದೆಗೇಡು ಕೂಡ ಗಮನವನ್ನು ಕೆಡಿಸುತ್ತವೆ.

ಇವೆಲ್ಲ ಸರಿಯಿದ್ದರೆ ಮಗುವಿನ ಹೊರೆಯನ್ನು ಅರ್ಥಮಾಡಿಕೊಳ್ಳಿ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಕಾಗುಣಿತ, ಒತ್ತಕ್ಷರ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವಂಥದ್ದಲ್ಲವೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ 'ಪುಚ್ಚೆ' ಎನ್ನುವ ತುಳು ಮಗು ಶಾಲೆಯಲ್ಲಿ 'ಬೆಕ್ಕು' ಎಂಬ ಪದವನ್ನೂ ಅದರ ಅಕ್ಷರವನ್ನೂ ಒಟ್ಟಿಗೇ ಕಲಿಯಬೇಕು. ಆದ್ದರಿಂದ ಪುಸ್ತಕಕ್ಕಿಂತ ಮೊದಲು ಕಿವಿಗೆ, ನಾಲಿಗೆಗೆ ಆ ಪದಗಳ ಅಭ್ಯಾಸವಾಗಬೇಕು. ಇದಕ್ಕೆ ಆಟಕ್ಕಿಂತ ಸುಲಭದ ದಾರಿಯಿಲ್ಲ.

ಖರ್ಚಿಲ್ಲದ ಕೆಲವು ಆಟಗಳು ಇಲ್ಲಿವೆ. ಊರಿನ ಹೆಸರು ಹೇಳಿ, ಅಕ್ಷರಕ್ಕೊಂದು ಚಪ್ಪಾಳೆ ತಟ್ಟಿಸಿ: ಕಾಪು ಎರಡು, ಉಡುಪಿ ಮೂರು, ಮಣಿಪಾಲ ನಾಲ್ಕು. ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಕಟ್ಟಿಸಿ: ಮರ, ರಸ, ಸರ. ರಟ್ಟಿನ ಚೂರುಗಳಲ್ಲಿ ಅಕ್ಷರ ಬರೆದು ಬಲೆಯನ್ನು ಬಳೆ, ಬಳೆಯನ್ನು ಬಾಳೆ ಮಾಡಿಸಿ. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳೊಳಗೆ ಕ, ಕಾ, ಕಿ, ಕೀ ಬರೆಯಿರಿ. ಹಾರಿದ ಮನೆಯ ಅಕ್ಷರವನ್ನು ಮಗು ಕೂಗಿ ಹೇಳಲಿ. ಬಸ್ಸಿನಲ್ಲಿ ಹೋಗುವಾಗ ಅಂಗಡಿ ಬೋರ್ಡುಗಳಲ್ಲಿ 'ಮ' ಎಲ್ಲಿದೆ ಎಂದು ಹುಡುಕಿಸಿ. ದಿನಕ್ಕೆ ಹತ್ತು-ಹದಿನೈದು ನಿಮಿಷ ಸಾಕು. ಮಗುವಿಗೆ ಬೇಸರ ಬರುವ ಮೊದಲೇ ನಿಲ್ಲಿಸಿ. ತಪ್ಪಿದರೆ ಗದರಬೇಡಿ, ಗದರಿದೊಡನೆ ಆಟ ಪರೀಕ್ಷೆಯಾಗುತ್ತದೆ.

ಮೊಬೈಲಿನಲ್ಲೂ ಅಕ್ಷರದ ಆಟಗಳಿವೆಯಲ್ಲ ಎನ್ನುವಿರಿ. ಇರಲಿ. ಆದರೆ ಮೊಬೈಲು ಮಗುವಿನ ತುಳುವನ್ನು ಕೇಳಿಸಿಕೊಂಡು ಅದಕ್ಕೆ ಕನ್ನಡದ ಪದವನ್ನು ಜೋಡಿಸಿಕೊಡುವುದಿಲ್ಲ. ಅಜ್ಜಿ ಅದನ್ನು ಮಾಡಬಲ್ಲರು.

ಆಟವೆಂದರೆ ಕಾಲಹರಣ ಎಂಬ ಭಾವನೆಯೂ ಸರಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿತು. ಶಾಲೆ ಒಪ್ಪಿದ್ದನ್ನು ಮನೆ ಏಕೆ ಒಪ್ಪಬಾರದು?

ಆದರೆ ಆಟ ಸರ್ವರೋಗಕ್ಕೂ ಮದ್ದಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಅವನು ಬುದ್ಧಿವಂತ, ಆಟದಲ್ಲಿ ಚುರುಕು. ಓದು ಮಾತ್ರ ಬಾರದು. ಇದನ್ನು ಇಂದು ಡಿಸ್ಲೆಕ್ಸಿಯಾ ಎನ್ನುತ್ತೇವೆ. ಎರಡನೇ ತರಗತಿ ಮುಗಿದರೂ ಸರಳ ಪದಗಳನ್ನು ಓದಲಾಗದಿದ್ದರೆ, ಮನೆಯಲ್ಲಿ ಇನ್ನಾರಿಗಾದರೂ ಈ ತೊಂದರೆಯಿದ್ದರೆ, ತಡಮಾಡದೆ ತಜ್ಞರಿಗೆ ತೋರಿಸಿ. ಮಣಿಪಾಲದಲ್ಲಿ ವಾಕ್-ಶ್ರವಣ ತಜ್ಞರಿದ್ದಾರೆ. ಅಂಥ ಮಗುವಿಗೆ ಕ್ರಮಬದ್ಧ ವಿಶೇಷ ಪಾಠ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ.

'ದಡ್ಡ' ಎಂಬ ಮಾತು ಒಮ್ಮೆ ಅಂಟಿಕೊಂಡರೆ ಅದನ್ನು ಬಿಡಿಸುವುದು ಅಕ್ಷರ ಕಲಿಸುವುದಕ್ಕಿಂತ ಕಷ್ಟ. ಆ ಮಾತನ್ನು ಆಡುವ ಮೊದಲು, ಹೆತ್ತವರೇ, ಮಗುವಿನೊಡನೆ ನೆಲದ ಮೇಲೆ ಕುಳಿತು ಹತ್ತು ನಿಮಿಷ ಆಡಿ ನೋಡಿ.