ಲಾರಿಗೆ ಎರಡು ವರ್ಷ, ಡ್ರೈವರನಿಗೆ ಐದು

ನಮ್ಮ ಗಂಗಾವತಿ ಸೀಮೆಯನ್ನು ಭತ್ತದ ಕಣಜವೆಂದು ಎಲ್ಲರೂ ಹೊಗಳುತ್ತಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು, ರೈಸ್ ಮಿಲ್ಲುಗಳು, ಸೋನಾ ಮಸೂರಿಯ ಕೀರ್ತಿ, ಇವೆಲ್ಲ ಭಾಷಣಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿವೆ. ಆದರೆ ಆ ಅಕ್ಕಿಯನ್ನು ರಾತ್ರೋರಾತ್ರಿ ಬೆಂಗಳೂರಿನ ಯಶವಂತಪುರದ ಯಾರ್ಡಿಗೆ ಮುಟ್ಟಿಸುವ ಮನುಷ್ಯನ ಮಾತು ಯಾವ ಭಾಷಣದಲ್ಲೂ ಬರುವುದಿಲ್ಲ. ಅವನ ಹೆಸರು ನಮಗೆ ಗೊತ್ತಾಗುವುದು ಪತ್ರಿಕೆಯಲ್ಲಿ ಅಪಘಾತದ ಸುದ್ದಿ ಬಂದ ದಿನ ಮಾತ್ರ. ಆಗ ಅವನು ಕುಡಿದಿದ್ದನೋ, ನಿದ್ದೆಗೆ ಜಾರಿದ್ದನೋ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತೇವೆ. ಅವನ ಕಣ್ಣು ಹೇಗಿತ್ತು, ರಕ್ತದೊತ್ತಡ ಎಷ್ಟಿತ್ತು, ಒಬ್ಬ ವೈದ್ಯರು ಅವನ ಕೈ ಹಿಡಿದು ನೋಡಿ ಎಷ್ಟು ವರ್ಷವಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಅದನ್ನು ಕೇಳುವುದಕ್ಕಾಗಿಯೇ ಈ ಬರಹ.

ಶಾಲೆಯಲ್ಲಿ ಪಾಠ ಹೇಳುವ ಹೆಂಗಸಿಗೂ ಲಾರಿಗೂ ಏನು ಸಂಬಂಧ ಎನ್ನಬಹುದು. ಆನೆಗೊಂದಿಯ ಕಡೆಯವರು ಹಾಗೆನ್ನಲಾರರು. ನಮ್ಮ ರಸ್ತೆಯಲ್ಲಿ ಬಾಳೆಗೊನೆ ತುಂಬಿದ ಗಾಡಿ, ಭತ್ತದ ಟ್ರಾಕ್ಟರು, ಪ್ರವಾಸಿಗರ ಕಾರು ಎಲ್ಲವೂ ಓಡುತ್ತವೆ. ಅದೇ ರಸ್ತೆಯ ಅಂಚಿನಲ್ಲಿ ನಮ್ಮ ಮಕ್ಕಳು ಸೈಕಲ್ ತುಳಿಯುತ್ತಾರೆ, ಹನುಮಮಾಲೆ ಧರಿಸಿದ ಭಕ್ತರು ಅಂಜನಾದ್ರಿಗೆ ಬರಿಗಾಲಲ್ಲಿ ನಡೆಯುತ್ತಾರೆ. ಇನ್ನೂ ಒಂದು ಸಂಬಂಧವಿದೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಹೋದ ಎಷ್ಟೋ ಹುಡುಗರು ಇಂದು ಸ್ಟೇರಿಂಗ್ ಹಿಡಿದು ಸಂಸಾರ ಸಾಗಿಸುತ್ತಿದ್ದಾರೆ. ಲಾರಿಯ ಮುಂದೆ ನಡೆಯುವ ಮಗುವೂ ನನ್ನದೇ, ಲಾರಿಯೊಳಗೆ ಕೂತವನೂ ನನ್ನವನೇ.

ಕಾನೂನು ಏನು ಹೇಳುತ್ತದೆಂದು ಮೊದಲು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸುವವನು ಲೈಸೆನ್ಸ್ ಪಡೆಯುವಾಗಲೂ ನವೀಕರಿಸುವಾಗಲೂ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. 1989ರ ನಿಯಮಗಳಲ್ಲಿ ಅದಕ್ಕೆಂದೇ ನಮೂನೆ 1ಎ ಇದೆ. ನೋಂದಾಯಿತ ವೈದ್ಯರು ಅದನ್ನು ತುಂಬಿ, ಅರ್ಜಿದಾರನನ್ನು ತಾವೇ ಪರೀಕ್ಷಿಸಿದ್ದೇವೆಂದು ಸಹಿ ಮಾಡಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಗುರುತಿಸಬಲ್ಲನೇ, ಬಣ್ಣಗುರುಡು ಇದೆಯೇ, ಇರುಳುಗುರುಡು ಇದೆಯೇ, ಹಾರ್ನಿನ ಸದ್ದು ಕೇಳದಷ್ಟು ಕಿವುಡೇ, ಕೈಕಾಲು ನೆಟ್ಟಗಿವೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಪ್ರಶ್ನೆಗಳು ಒಳ್ಳೆಯವೇ. ಆದರೆ ರಕ್ತದೊತ್ತಡ ಎಷ್ಟು, ರಕ್ತದಲ್ಲಿ ಸಕ್ಕರೆ ಎಷ್ಟು ಎಂದು ಬರೆಯಲು ಆ ಹಾಳೆಯಲ್ಲಿ ಒಂದು ಕಾಲಂ ಕೂಡ ಇಲ್ಲ. ನಿದ್ದೆಯ ಬಗ್ಗೆ ಚಕಾರವಿಲ್ಲ. ರಾತ್ರಿಯಿಡೀ ಗಾಡಿ ಹೊಡೆಯುವವನನ್ನು ಹಗಲು ಬೆಳಕಿನ ನಂಬರ್ ಪ್ಲೇಟಿನಿಂದ ಅಳೆಯುವ ನಮೂನೆ ಇದು.

ಇರುವಷ್ಟನ್ನಾದರೂ ಪರೀಕ್ಷಿಸುತ್ತಾರೆಯೇ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ನಲವತ್ತು ದಾಟಿದವನು, ಹತ್ತು ಚಕ್ರದ ಲಾರಿ ಓಡಿಸುತ್ತಾನೆ. ಲೈಸೆನ್ಸ್ ನವೀಕರಿಸಿಕೊಂಡು ಬಂದವನನ್ನು ಡಾಕ್ಟರು ಏನೆಂದರು ಎಂದು ಕೇಳಿದೆ. "ಡಾಕ್ಟರು ನನ್ನ ಮಾರೀನ ನೋಡಿಲ್ರಿ ಅಕ್ಕೋರ. ಏಜೆಂಟ್ ಫೋಟೋ ತಗೊಂಡು ಒಳಗ ಹೋದ, ಸಹಿ ಮಾಡಿಸ್ಕೊಂಡು ಬಂದ. ನಾ ಹೊರಗ ಚಾ ಕುಡಕೋತ ನಿಂತಿದ್ನಿ" ಎಂದ. ಅವನಿಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆ ನುಂಗುತ್ತೀಯಾ ಎಂದರೆ, ಗಾಡಿ ಮೇಲಿದ್ದಾಗ ಇಲ್ಲ ಎಂದ. "ಗುಳಿಗಿ ತಗೊಂಡು ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲಂದ್ರ ಕೈ ನಡುಗ್ತಾವ್ರಿ, ಕಣ್ಣಿಗಿ ಕತ್ತಲಿ ಬರ್ತೈತಿ. ಮಿಲ್ಲಿನ್ಯಾಗ ಹಮಾಲರು ಲೋಡ್ ಮಾಡೋದು ಯಾವಾಗ ಮುಗಿತೈತೋ, ನಾವು ಉಣ್ಣೋದು ಯಾವಾಗೋ." ಮಾಲೀಕರಿಗೆ ಹೇಳಿದ್ದೀಯಾ ಎಂದಾಗ ನಕ್ಕುಬಿಟ್ಟ. "ಹೇಳಿದ್ರ ನಾಳಿಂದ ಬ್ಯಾರೆ ಡ್ರೈವರ್ ಬರ್ತಾನ್ರಿ."

ಗುಳಿಗೆ ನುಂಗಿದರೆ ಗಾಡಿಯ ಮೇಲೆ ಜೀವಭಯ, ನುಂಗದಿದ್ದರೆ ವರ್ಷ ಕಳೆದಂತೆ ಕಣ್ಣಿನ ನರ, ಕಾಲಿನ ನರ, ಮೂತ್ರಪಿಂಡ ಒಂದೊಂದಾಗಿ ಹಾಳು. ಅವನ ಕೈಯಲ್ಲಿರುವ ಪ್ರಮಾಣಪತ್ರ ಮಾತ್ರ ಅವನು ಸಂಪೂರ್ಣ ಆರೋಗ್ಯವಂತನೆಂದು ಹೇಳುತ್ತದೆ. ಹಾಗಾದರೆ ಆ ಕಾಗದ ಯಾರ ಉಪಯೋಗಕ್ಕಿದೆ? ಕಚೇರಿಯ ಕಡತಕ್ಕೆ ಬೇಕು, ಮಾಲೀಕರಿಗೆ ಬೇಕು, ಅಪಘಾತವಾದ ಮೇಲೆ ವಿಮೆಯವರು ಕೇಳುವ ಲೈಸೆನ್ಸಿಗೆ ಬೇಕು. ಡ್ರೈವರನ ದೇಹಕ್ಕೆ ಅದರಿಂದ ಆಗಬೇಕಾದ್ದು ಏನೂ ಆಗಿಲ್ಲ.

ಈಗ ಲಾರಿಯ ಆರೋಗ್ಯಕ್ಕೆ ಬರೋಣ. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಬೇಕು. ಕಬ್ಬಿಣಕ್ಕೆ ವಯಸ್ಸಾದಂತೆ ತಪಾಸಣೆ ಹೆಚ್ಚಬೇಕೆಂಬ ತಿಳಿವಳಿಕೆ ನಮಗಿದೆ. ಮನುಷ್ಯನಿಗೆ? 2019ರ ತಿದ್ದುಪಡಿಗೆ ಮೊದಲು ಸಾರಿಗೆ ಲೈಸೆನ್ಸಿನ ಅವಧಿ ಮೂರು ವರ್ಷವಿತ್ತು. ಅದನ್ನು ಐದು ವರ್ಷಕ್ಕೆ ಏರಿಸಿದರು. ಅಪಾಯಕಾರಿ ಸರಕು ಸಾಗಿಸುವವನಿಗೆ ಒಂದು ವರ್ಷವಿದ್ದದ್ದು ಮೂರು ವರ್ಷವಾಯಿತು. ಕಚೇರಿಗೆ ಅಲೆದಾಟ ತಪ್ಪಿತೆಂದು ಡ್ರೈವರರೂ ಸಂತೋಷಪಟ್ಟರು, ಅದು ಸಹಜ. ಆದರೆ ಅಲೆದಾಟ ತಪ್ಪಿಸುವ ನೆಪದಲ್ಲಿ ತಪಾಸಣೆಯನ್ನೂ ದೂರ ತಳ್ಳಿದ್ದನ್ನು ಯಾರೂ ಗಮನಿಸಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಹೆಚ್ಚಿಸಿದ್ದರು. ಭಾರ ಹೆಚ್ಚಾಯಿತು, ಅದನ್ನು ನಿಲ್ಲಿಸಬೇಕಾದ ಕಣ್ಣು ಕಾಲುಗಳ ಪರೀಕ್ಷೆ ಕಡಿಮೆಯಾಯಿತು.

ಶಿಕ್ಷೆಯ ವಿಷಯದಲ್ಲಾದರೆ ನಾವು ಬಹಳ ಚುರುಕು. ಅಪಘಾತ ಮಾಡಿ ಓಡಿಹೋದವನಿಗೆ ಹತ್ತು ವರ್ಷದವರೆಗೆ ಜೈಲು ಎಂದು ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನಲ್ಲಿ ಬರೆದರು. 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಡ್ರೈವರರು ಮುಷ್ಕರ ಹೂಡಿದ ಮೇಲೆ, ಆ ವರ್ಷದ ಜುಲೈಯಲ್ಲಿ ಸಂಹಿತೆ ಜಾರಿಗೆ ಬಂದಾಗ, ಅದೊಂದನ್ನು ತಡೆಹಿಡಿದರು. ಹತ್ತು ವರ್ಷದ ಜೈಲಿಗೆ ಕಲಮು ಬರೆಯಬಲ್ಲವರಿಗೆ ಹತ್ತು ನಿಮಿಷದ ಆರೋಗ್ಯ ಪರೀಕ್ಷೆಯನ್ನು ನಿಜವಾಗಿ ನಡೆಸುವುದು ಕಷ್ಟವೇ?

ಇದು ನನ್ನೊಬ್ಬ ವಿದ್ಯಾರ್ಥಿಯ ಕಥೆಯಲ್ಲ. 2025ರ ಆರಂಭದಲ್ಲಿ ದೆಹಲಿ ಐಐಟಿಯ ಸಹಯೋಗದಲ್ಲಿ ನಡೆದ ಅಧ್ಯಯನವೊಂದರ ವರದಿ ಬಂತು. ಪರೀಕ್ಷೆಗೊಳಗಾದ ಲಾರಿ ಡ್ರೈವರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ದೃಷ್ಟಿದೋಷವಿತ್ತು. ಇವರೆಲ್ಲರೂ ಲೈಸೆನ್ಸಿಗಾಗಿ ಪ್ರಮಾಣಪತ್ರ ಕೊಡಬೇಕಾದವರೇ ಎಂಬುದನ್ನು ನೆನಪಿಡಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಎಲ್ಲ ಸಾವಿಗೂ ಡ್ರೈವರನ ಕಾಯಿಲೆಯೇ ಕಾರಣವೆಂದು ಹೇಳುವ ಅವಿವೇಕ ನನಗೆ ಬೇಡ. ಆದರೆ ಎಷ್ಟು ಸಾವಿಗೆ ಅದು ಕಾರಣವೆಂದು ಹುಡುಕಬೇಕಾದರೂ ಮೊದಲು ಪರೀಕ್ಷೆ ಸತ್ಯವಾಗಿ ನಡೆಯಬೇಕಲ್ಲವೇ?

ನನ್ನ ವಾದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. "ಬಿಗಿ ಮಾಡಿದರೆ ಇನ್ನೊಂದು ಲಂಚದ ಬಾಗಿಲು ತೆರೆಯುತ್ತದೆ, ಬಡವನ ಅನ್ನಕ್ಕೆ ಕಲ್ಲು ಬೀಳುತ್ತದೆ" ಎನ್ನುತ್ತಾರೆ. ಈ ಮಾತನ್ನು ಲಾರಿ ಮಾಲೀಕರು ಹೇಳಿದಾಗ ನನಗೆ ನಗು ಬರುತ್ತದೆ, ಡ್ರೈವರನ ಹೆಂಡತಿ ಹೇಳಿದಾಗ ಬಾಯಿ ಕಟ್ಟುತ್ತದೆ. ಏಕೆಂದರೆ ಅವಳ ಭಯ ಸುಳ್ಳಲ್ಲ. ಕಾಯ್ದೆಯ 16ನೇ ಕಲಮು ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಲೈಸೆನ್ಸನ್ನು ಯಾವಾಗ ಬೇಕಾದರೂ ರದ್ದು ಮಾಡುವ ಅಧಿಕಾರ ಕೊಡುತ್ತದೆ. ಚಿಕಿತ್ಸೆ ಕೊಡಿಸಿ ಮತ್ತೆ ಕೆಲಸಕ್ಕೆ ಹಚ್ಚುವ ಹೊಣೆಯನ್ನು ಅದು ಯಾರ ಮೇಲೂ ಹೊರಿಸಿಲ್ಲ. ಪರೀಕ್ಷೆ ಎಂದರೆ ಅನ್ನ ಕಿತ್ತುಕೊಳ್ಳುವುದು ಎಂದಾದರೆ ಯಾವ ಮನುಷ್ಯ ಸತ್ಯ ಹೇಳುತ್ತಾನೆ? ಸುಳ್ಳು ಪ್ರಮಾಣಪತ್ರಕ್ಕೆ ಏಜೆಂಟನ ಆಸೆಯಷ್ಟೇ ಈ ಭಯವೂ ಕಾರಣ.

ಇದಕ್ಕೆ ದಾರಿ ನಮ್ಮ ಶಾಲೆಯಲ್ಲೇ ಇದೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳ ಕಣ್ಣು ಪರೀಕ್ಷೆ ನಡೆಯುತ್ತದೆ. ಬೋರ್ಡಿನ ಮೇಲಿನ ಅಕ್ಷರ ಕಾಣದ ಮಗುವನ್ನು ನಾವು ಶಾಲೆಯಿಂದ ಹೊರಗೆ ಹಾಕುವುದಿಲ್ಲ. ಉಚಿತವಾಗಿ ಕನ್ನಡಕ ಕೊಡಿಸಿ ಮುಂದಿನ ಬೆಂಚಿಗೆ ಕರೆದು ಕೂರಿಸುತ್ತೇವೆ. ಹಾಗಾಗಿಯೇ ಮಗು "ಟೀಚರ್, ನನಗ ಕಾಣವಲ್ದು" ಎಂದು ಬಾಯಿಬಿಟ್ಟು ಹೇಳುತ್ತದೆ. ಅದೇ ಮಗು ದೊಡ್ಡವನಾಗಿ ಲಾರಿ ಹತ್ತಿದ ಮೇಲೆ ಆ ಮಾತು ಹೇಳಲು ಹೆದರುತ್ತಾನೆ.

ಗಂಗಾವತಿಗೆ 2019ರಲ್ಲಿ ರೈಲು ಬಂತು. ರೈಲು ಓಡಿಸುವವರಿಗೆ ನಿಗದಿತ ಅವಧಿಗೆ ವೈದ್ಯಕೀಯ ಪರೀಕ್ಷೆ ಇದೆ. ವಯಸ್ಸು ಏರಿದಂತೆ ಅದರ ಅಂತರ ಕಿರಿದಾಗುತ್ತದೆ. ಅಮೆರಿಕದಲ್ಲಿ ಅಂತರರಾಜ್ಯ ಲಾರಿ ಡ್ರೈವರನ ಪ್ರಮಾಣಪತ್ರ ಹೆಚ್ಚೆಂದರೆ ಎರಡು ವರ್ಷ ನಡೆಯುತ್ತದೆ. ರಕ್ತದೊತ್ತಡ, ಮೂತ್ರ ಎರಡನ್ನೂ ನೋಡುತ್ತಾರೆ. 2014ರಿಂದ ಅಲ್ಲಿ ತರಬೇತಿ ಪಡೆದು ಸರ್ಕಾರಿ ಪಟ್ಟಿಯಲ್ಲಿ ಹೆಸರಿರುವ ಪರೀಕ್ಷಕರೇ ಸಹಿ ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಲ್ಲಿ ಬಹುಕಾಲ ವಿಶೇಷ ವಿನಾಯಿತಿಯಿಲ್ಲದೆ ಲಾರಿ ಕೊಡುತ್ತಿರಲಿಲ್ಲ. 2018ರಲ್ಲಿ ನಿಯಮ ಬದಲಿಸಿ, ಕಾಯಿಲೆ ಹತೋಟಿಯಲ್ಲಿದೆಯೆಂದು ಚಿಕಿತ್ಸೆ ಕೊಡುವ ವೈದ್ಯರು ಬರೆದುಕೊಟ್ಟರೆ ಓಡಿಸಬಹುದೆಂದರು. ನಮ್ಮಲ್ಲೂ 2020ರಲ್ಲಿ ಬಣ್ಣಗುರುಡು ಅಲ್ಪವಾಗಿ ಅಥವಾ ಮಧ್ಯಮವಾಗಿ ಇರುವವರಿಗೆ ಲೈಸೆನ್ಸ್ ಕೊಡಲು ಒಪ್ಪಿದರು. ಪರೀಕ್ಷೆ ಬಿಗಿಯಾಗಿಯೂ ಇರಬಹುದು, ಮನುಷ್ಯನನ್ನು ಬೀದಿಗೆ ತಳ್ಳದೆಯೂ ಇರಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಡ್ರೈವರರ ತಪಾಸಣೆಗೆಂದೇ ಮೀಸಲಿಡಲಿ, ಹಣ ಪಡೆಯದಿರಲಿ. ನಮೂನೆ 1ಎಗೆ ರಕ್ತದೊತ್ತಡ, ಸಕ್ಕರೆ, ರಾತ್ರಿಯ ದೃಷ್ಟಿ, ನಿದ್ದೆ ಇವುಗಳ ಕಾಲಂ ಸೇರಲಿ. ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯಾಗಲಿ. ಲೈಸೆನ್ಸಿನ ಅವಧಿ ಐದೇ ಇರಲಿ, ಕಚೇರಿಗೆ ಅಲೆಸುವುದು ಬೇಡ. ದೋಷ ಕಂಡವನಿಗೆ ಅಲ್ಲಿಯೇ ಕನ್ನಡಕ, ಅಲ್ಲಿಯೇ ಗುಳಿಗೆ ಸಿಗಲಿ. ಹತೋಟಿಗೆ ಬರುವವರೆಗೆ ಗಾಡಿ ಬಿಡಬೇಕಾಗಿ ಬಂದರೆ ಆ ದಿನಗಳ ಕೂಲಿಯನ್ನು ಮಾಲೀಕರು ಮತ್ತು ಸರ್ಕಾರ ಹಂಚಿಕೊಳ್ಳಲಿ. ನೋಡದೆ ಸಹಿ ಹಾಕಿದ ವೈದ್ಯರ ಹೆಸರು ವೈದ್ಯಕೀಯ ಪರಿಷತ್ತಿನ ಮುಂದೆ ಹೋಗಲಿ.

ಇವೆಲ್ಲದರ ಜೊತೆ ದುಡಿಮೆಯ ಗಂಟೆಗಳ ಮಾತೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದಿತ್ತು. ಆದರೆ ಅದು ಐದು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗಾಗಿ ಬರೆದ ಕಾಯ್ದೆ. ಒಂದೇ ಲಾರಿ ಇಟ್ಟ ಮಾಲೀಕನ ಡ್ರೈವರು ಅದರ ನೆರಳಿಗೂ ಬರಲಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಸರ್ಕಾರ ಹೇಳುತ್ತಿದೆ. ಒಳ್ಳೆಯದು. ಆದರೆ ಈ ತಪಾಸಣೆ ಕಾರ್ಖಾನೆಯ ಗೇಟಿನೊಳಗೇ ನಿಂತುಬಿಟ್ಟರೆ, ಗೇಟಿಲ್ಲದ ರಸ್ತೆಯಲ್ಲಿ ದುಡಿಯುವವನು ಮತ್ತೆ ಹೊರಗೇ ಉಳಿಯುತ್ತಾನೆ. 2025ರ ಅಕ್ಟೋಬರಿನಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ತಂಪು ಗಾಳಿ ಬೇಕು, ಬೇಡವೆನ್ನುವುದಿಲ್ಲ. ಆ ತಂಪಿನಲ್ಲಿ ಕೂತವನ ರಕ್ತನಾಳದ ಸ್ಥಿತಿಯನ್ನೂ ಯಾರಾದರೂ ನೋಡಬೇಕು.

ನಾನು ಸೇವೆಗೆ ಸೇರುವಾಗ ನನ್ನ ಕಣ್ಣು, ಕಿವಿ, ತೂಕ ಎಲ್ಲ ನೋಡಿ ಸರ್ಕಾರಿ ವೈದ್ಯರು ಅರ್ಹತಾ ಪತ್ರ ಕೊಟ್ಟರು. ನನ್ನ ಕೈಯಲ್ಲಿದ್ದದ್ದು ಸೀಮೆಸುಣ್ಣ. ಅದು ಜಾರಿ ಬಿದ್ದರೆ ಮುರಿಯುವುದು ಸೀಮೆಸುಣ್ಣವೇ ಹೊರತು ಯಾರ ಕಾಲೂ ಅಲ್ಲ. ಇಪ್ಪತ್ತೆಂಟು ಟನ್ನು ಹಿಡಿದವನಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಕು. ಮಿಲ್ಲಿನ ಮಾಲೀಕರೇ, ಮುಂದಿನ ಸಲ ನಿಮ್ಮ ಅಂಗಳದಲ್ಲಿ ಲಾರಿ ನಿಂತಾಗ ಟೈರು ಒದ್ದು ನೋಡುವ ಮೊದಲು ಡ್ರೈವರನನ್ನು ಕರೆದು ಉಂಡೆಯಾ, ಮಲಗಿದ್ದೆಯಾ, ಗುಳಿಗೆ ತೆಗೆದುಕೊಂಡೆಯಾ ಎಂದು ಕೇಳಿ. ಅದಕ್ಕೆ ಯಾವ ನಮೂನೆಯೂ ಬೇಡ, ಯಾವ ಏಜೆಂಟನೂ ಬೇಡ.