ನಾಣಿ ಮತ್ತು ನಮ್ಮ ಹಾಜರಿ ಪುಸ್ತಕ

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ನೋಡಿದವರು ಹೆಚ್ಚಾಗಿ ವಿಧವೆ ಯಮುನೆಯ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು. ಆದರೆ ಮಾಸ್ತರರಾದ ನಮ್ಮ ಕಣ್ಣು ಮಾತ್ರ ನಾಣಿಯ ಮೇಲೇ ನಿಲ್ಲುತ್ತದೆ. ವೇದ ಕಲಿಯಲೆಂದು ಅಪ್ಪ-ಅಮ್ಮನನ್ನು ಬಿಟ್ಟು ಉಡುಪರ ಮನೆಗೆ ಬಂದ ಪುಟ್ಟ ಹುಡುಗ. ದೊಡ್ಡ ಹುಡುಗರ ಕಾಟ ಬೇರೆ. ಅವನ ದುಃಖ ಕಾಣುವುದು ಯಮುನಕ್ಕನೊಬ್ಬಳಿಗೇ. ಅವಳಾದರೂ ಯಾರು? ಆ ಮನೆಯಲ್ಲಿ ಅವನಿಗಿಂತ ಒಂಟಿ! (ಅವಳಿಗೆ ಆ ಗತಿ ತಂದವನು ಒಬ್ಬ ಶಾಲಾ ಮಾಸ್ತರ. ನಮಗೆ ನಾಚಿಕೆಯ ವಿಷಯ.)

ಯು. ಆರ್. ಅನಂತಮೂರ್ತಿಯವರ ಕಥೆ, ಬಿ. ವಿ. ಕಾರಂತರ ಸಂಗೀತ, ಕಪ್ಪು-ಬಿಳುಪು ಚಿತ್ರ. ಸ್ವರ್ಣಕಮಲ ಬಂತು. 2024ರಲ್ಲಿ ಹಳೆಯ ಪ್ರತಿಯನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಂತೋಷ. ಆದರೆ ನಾಣಿಯನ್ನು ನೋಡಲು ನಾವು ವೆನಿಸ್‌ಗೆ ಹೋಗಬೇಕಿಲ್ಲ.

ದೀಪಾವಳಿ ಮುಗಿಯಿತೆಂದರೆ ಜತ್ತ ತಾಲೂಕಿನ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಮುಕಾದಮನಿಂದ ಉಚಲು ತಗೊಂಡಾಗಿದೆ, ಹೋಗದೆ ಗತಿಯಿಲ್ಲ. ತಂದೆ-ತಾಯಿ ಜೊತೆ ಹೋಗುವ ಮಕ್ಕಳ ಲೆಕ್ಕ ನಾವು ಇಡುತ್ತೇವೆ, ಮೇಲಿನಿಂದ ಕೇಳುತ್ತಾರೆ. ಅಜ್ಜಿಯ ಹತ್ತಿರ ಉಳಿದ ಮಗು ಮಾತ್ರ ನಮ್ಮ ಪುಸ್ತಕದಲ್ಲಿ ‘ಹಾಜರ’. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಒಮ್ಮೆ ಪ್ರಗತಿ ಪತ್ರಿಕೆಗೆ ಪಾಲಕರ ಸಹಿ ತರಲಿಲ್ಲವೆಂದು ಮೂರನೆಯ ಇಯತ್ತೆಯ ಒಬ್ಬ ಹುಡುಗನನ್ನು ನಾವು ಹೊರಗೆ ನಿಲ್ಲಿಸಿದೆವು. ಅವನು ಬಾಯಿ ಬಿಡಲಿಲ್ಲ. ಐದನೆಯ ಇಯತ್ತೆಯಿಂದ ಅವನ ಅಕ್ಕ ಬಂದು, “ಅವ್ವ-ಅಪ್ಪ ಟೋಳಿಗೆ ಹೋಗ್ಯಾರ್ರಿ ಸರ್. ನಾ ಸಹಿ ಮಾಡ್ಲೇನ್ರಿ?” ಅಂದಳು.

ಆಮೇಲೆ ನೋಡಿದರೆ, ಅವನಿಗೆ ಊಟ ಹಾಕುವುದು, ನೀರು ತರುವುದು, ರಾತ್ರಿ ಅತ್ತರೆ ಸಮಾಧಾನ ಮಾಡುವುದು ಎಲ್ಲ ಅವಳೇ. ಅಜ್ಜಿಗೆ ಕಣ್ಣು ಕಾಣದು. ಹುಡುಗಿ ವಾರದಲ್ಲಿ ಎರಡು ದಿನ ಶಾಲೆ ತಪ್ಪಿಸುತ್ತಿದ್ದಳು. ನಾವು ಗೈರುಹಾಜರಿ ಹಾಕಿ, ಬೈದು ಕಳಿಸುತ್ತಿದ್ದೆವು.

ಚಿತ್ರದಲ್ಲಿ ಊರು ಯಮುನೆಯನ್ನು ಹೊರಗೆ ಹಾಕಿದಾಗ ನಾಣಿಗೆ ಇದ್ದ ಒಂದು ಆಸರೆಯೂ ಹೋಗುತ್ತದೆ. ನಮ್ಮ ಅಭಿಪ್ರಾಯ ಇಷ್ಟೇ: ಹಂಗಾಮಿನಲ್ಲಿ ಇಂಥ ಅಕ್ಕಂದಿರ ಹೆಸರನ್ನು ಮೊದಲು ಬರೆದುಕೊಳ್ಳಬೇಕು. ತಡವಾಗಿ ಬಂದರೂ ಒಳಗೆ ಕರೆಯಬೇಕು. ಅಂಗನವಾಡಿಗೂ ಹೋಗದ ತಮ್ಮ-ತಂಗಿಯನ್ನು ಸೊಂಟದ ಮೇಲೆ ಹೊತ್ತು ತಂದರೆ ತರಲಿ. ವರ್ಗದಲ್ಲಿ ಗದ್ದಲವಾಗುತ್ತದೆ, ಹೌದು. ತಪಾಸಣೆಗೆ ಬಂದವರು ಕೇಳಿದರೆ ಉತ್ತರ ನಾವು ಕೊಡೋಣ.

ಸಹಿಯ ಜಾಗದಲ್ಲಿ ಆ ಹುಡುಗಿ ತನ್ನ ಹೆಸರನ್ನು ದುಂಡಗೆ ಬರೆದಿದ್ದಳು. ನಾವು ಅದನ್ನು ಅಳಿಸಲಿಲ್ಲ.