ಹಪ್ಪಳ ಕಾಯುವ ಹೊತ್ತು

ಮಕ್ಕಳೇ, ಬೇಸಿಗೆ ರಜೆ ಬಂತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮನೆಗಳಲ್ಲಿ ಕೆಲಸವೋ ಕೆಲಸ. ಶಾವಿಗೆ ಹೊಸೆಯಬೇಕು, ಹಪ್ಪಳ ಲಟ್ಟಿಸಬೇಕು, ಜೋಳ ಹಸನು ಮಾಡಬೇಕು, ಹುಣಸೆಹಣ್ಣಿನ ಬೀಜ ತೆಗೆಯಬೇಕು, ಮೆಣಸಿನಕಾಯಿ ಒಣಗಿಸಬೇಕು. ದೊಡ್ಡವರು ಎಲ್ಲವನ್ನೂ ಮಾಳಿಗೆಯ ಮೇಲೆ ಹರವಿ, "ಇಲ್ಲೇ ಕೂತು ಕಾಯಿ, ಹಕ್ಕಿ ಬಂದರ ಓಡಸು" ಎಂದು ನಿಮ್ಮ ಕೈಗೆ ಒಂದು ಕೋಲು ಕೊಟ್ಟು ಹೋಗುತ್ತಾರೆ. ನಿಮ್ಮ ಮುಖ ಸಣ್ಣದಾಗುತ್ತದೆ. ರಜೆಯೆಲ್ಲ ಇದರಲ್ಲೇ ಹೋಯಿತು ಎನಿಸುತ್ತದೆ.

ನನಗೆ ಹಾಗೆನಿಸುವುದಿಲ್ಲ. ಹಕ್ಕಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೊಲ್ಲಾಪುರದ ಹತ್ತಿರ ನಾನ್ನಜದಲ್ಲಿ ಪಕ್ಷಿಧಾಮವಿದೆ. ಅಲ್ಲಿಗೆ ದೂರದ ಊರುಗಳಿಂದ ಜನ ದುರ್ಬೀನು ಹಿಡಿದು ಬರುತ್ತಾರೆ, ಗಂಟೆಗಟ್ಟಲೆ ಸುಮ್ಮನೆ ಕೂಡುತ್ತಾರೆ. ನೀವೂ ಮಾಳಿಗೆಯ ಮೇಲೆ ಅದನ್ನೇ ಮಾಡುತ್ತೀರಿ. ಓಡಾಡುವವರನ್ನು ಕಂಡರೆ ಹಕ್ಕಿ ಹಾರಿಹೋಗುತ್ತದೆ. ಒಂದೆಡೆ ಕೂತು ಕೈಗೆಲಸ ಮಾಡುವವರನ್ನು ಕಂಡು ಸ್ವಲ್ಪ ಹೊತ್ತಿನಲ್ಲಿ ಧೈರ್ಯ ತಂದುಕೊಂಡು ಹತ್ತಿರ ಬರುತ್ತದೆ.

ಕೆಂಪು ಮೆಣಸಿನಕಾಯಿಯ ರಾಶಿಯನ್ನೇ ನೋಡಿ. ಅದನ್ನು ಮುಟ್ಟಿದ ಕೈ ಕಣ್ಣಿಗೆ ತಾಗಿದರೆ ನಾವು ಅಳುತ್ತೇವೆ. ಆದರೆ ಗಿಳಿ ಬಂದು ಒಂದು ಕಾಯನ್ನು ಕಾಲಲ್ಲಿ ಹಿಡಿದು ಕೊರೆದು ತಿನ್ನುತ್ತದೆ! ಅದಕ್ಕೆ ಖಾರ ಹತ್ತುವುದಿಲ್ಲವೇ? ಇಲ್ಲ. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ಪದಾರ್ಥವಿದೆ. ನಮ್ಮ ನಾಲಿಗೆಯನ್ನು ಸುಡುವುದು ಅದೇ. ಇಲಿ, ಮಂಗ, ಮನುಷ್ಯ ಎಲ್ಲರಿಗೂ ಅದು ಉರಿ. ಹಕ್ಕಿಗಳಿಗೆ ಮಾತ್ರ ಆ ಉರಿ ತಿಳಿಯುವುದಿಲ್ಲ. ಇಲಿ ತಿಂದರೆ ಬೀಜವನ್ನೂ ಅಗಿದುಬಿಡುತ್ತದೆ. ಹಕ್ಕಿ ನುಂಗಿದ ಬೀಜ ಬಹಳ ಸಲ ಕೆಡದೆ ಹೊರಬರುತ್ತದೆ. ಹಿತ್ತಲಲ್ಲಿ ಯಾರೂ ನೆಡದ ಮೆಣಸಿನ ಗಿಡ ಹುಟ್ಟುವುದು ಹೀಗೇ.

ಇನ್ನು ಜೋಳ ಕೇರುವಾಗ ಬರುವ ಗುಬ್ಬಿಗಳು. ಅವು ಕಾಳು ತಿನ್ನುತ್ತವೆ, ನಿಜ. ಆದರೆ ಗೂಡಿನಲ್ಲಿರುವ ಮರಿಗಳಿಗೆ ಅವು ಹೆಚ್ಚಾಗಿ ಹುಳುಗಳನ್ನೇ ತಿನಿಸುತ್ತವೆ. ಮೊರದಿಂದ ಬಿದ್ದ ನುಸಿ, ಹುಳು ಅವುಗಳ ಕೊಕ್ಕಿನಲ್ಲಿ ಹೋಗುವುದನ್ನು ಗಮನಿಸಿ. ಕಾಳು ಹೋಗುತ್ತದೆ ಎಂದು ಮನೆಯವರು ಬೈಯುವುದೂ ಸುಳ್ಳಲ್ಲ. ವರ್ಷದ ರೊಟ್ಟಿ ಅದರಲ್ಲಿದೆ. ಅದಕ್ಕೆ ಹಳೆಯ ತೆಳು ಸೀರೆ ಹೊದಿಸಿದರೆ ಸಾಕು. ಕವಣೆ, ಕಲ್ಲು ಯಾಕೆ? ಹುಡುಗರು ಕಾವಲಿನ ನೆಪದಲ್ಲಿ ಗುರಿ ಹೊಡೆಯುವ ಆಟ ಆಡುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹಕ್ಕಿಗೆ ಕಾಳಿಗಿಂತ ನೀರು ಬೇಕು. ನೆರಳಿನಲ್ಲಿ ಒಂದು ಅಗಲವಾದ ಮಣ್ಣಿನ ತಟ್ಟೆ ಇಟ್ಟು ದಿನಾಲು ನೀರು ಬದಲಿಸಿ. ಹಪ್ಪಳದ ಕಡೆ ಬರುವ ಎಷ್ಟೋ ಹಕ್ಕಿಗಳು ಅತ್ತ ಹೋಗುತ್ತವೆ.

ಮನೆಯ ಮುಂದಿನ ಬೇವಿನ ಮರದಲ್ಲಿ ಕಂದು ಮೈಮೇಲೆ ಬಿಳಿ ಚುಕ್ಕೆಯ ಹಕ್ಕಿಯೊಂದು ಕಾಗೆಯ ಗೂಡಿನ ಸುತ್ತ ಕದ್ದು ಸುಳಿದಾಡಿದರೆ ಅದು ಹೆಣ್ಣು ಕೋಗಿಲೆ. 'ಕುಹೂ' ಎಂದು ಕೂಗುವುದು ಕಪ್ಪು ಬಣ್ಣದ ಗಂಡು. ಕಸ ಗುಡಿಸುವಾಗ ಆಲದ ಮರದಿಂದ ಹಣ್ಣು ಉದುರಿದರೆ ತಲೆಯೆತ್ತಿ ನೋಡಿ. ಎಲೆಯ ಬಣ್ಣದಲ್ಲೇ ಬೆರೆತು ಹಳದಿ ಕಾಲಿನ ಹಸಿರು ಪಾರಿವಾಳ ಕೂತಿರಬಹುದು. ಅದು ಮಹಾರಾಷ್ಟ್ರದ ರಾಜ್ಯಪಕ್ಷಿ.

ಈಗ ಹೆಸರಿನ ಮಾತು. ತರಗತಿಯಲ್ಲಿ ಗೊರವಂಕದ ಚಿತ್ರ ತೋರಿಸಿದರೆ ನಮ್ಮ ಮಕ್ಕಳು 'ಸಾಳುಂಕಿ' ಎನ್ನುತ್ತಾರೆ, ಇಲ್ಲವೆ 'ಮೈನಾ' ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಮರಾಠಿ ನಮ್ಮ ನೆರೆಮನೆಯ ಮಾತು. ಆದರೆ ಅದೇ ಮಾಳಿಗೆಯ ಮೇಲೆ ಹುಣಸೆಬೀಜ ತೆಗೆಯುತ್ತ ಕೂತ ಅಜ್ಜಿಗೆ ಇನ್ನೊಂದು ಹೆಸರು ಗೊತ್ತಿರುತ್ತದೆ. ಕೇಳದಿದ್ದರೆ ಅದು ಅವಳ ಜೊತೆಗೇ ಹೋಗುತ್ತದೆ. ನಾನ್ನಜದ ಹುಲ್ಲುಗಾವಲಿನ ದೊಡ್ಡ ಹಕ್ಕಿಗೆ ಮರಾಠಿಯಲ್ಲಿ 'ಮಾಳಢೋಕ' ಎನ್ನುತ್ತಾರೆ. ಕನ್ನಡದಲ್ಲಿ ಅದು 'ಎರೆಭೂತ'. ಎರೆಯ ಹೊಲದಲ್ಲಿ ಭೂತದಂತೆ ಎದ್ದು ನಿಲ್ಲುವ ಹಕ್ಕಿ! ಆ ಹಕ್ಕಿ ಈಗ ಕಣ್ಣಿಗೆ ಬೀಳುವುದೇ ಅಪರೂಪ. ಹೆಸರನ್ನಾದರೂ ನಾವು ಉಳಿಸಿಕೊಳ್ಳಬೇಡವೇ?

1932ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಮಾರುತಿ ಚಿತಂಪಲ್ಲಿಯವರು ಅರಣ್ಯ ಅಧಿಕಾರಿಯಾಗಿದ್ದರು. ಕಾಡಿನ ಜನರ ಬಾಯಲ್ಲಿದ್ದ ಮಾತುಗಳನ್ನು ಕೇಳಿ ಕೇಳಿ ಬರೆದುಕೊಂಡರು. ಮರಾಠಿಯಲ್ಲಿ 'ಪಕ್ಷಿಕೋಶ' ಬರೆದರು. ನಮ್ಮ ಗಡಿನಾಡಿನ ಕನ್ನಡದಲ್ಲಿ ಅಂಥದ್ದೊಂದು ಆಗಬೇಕಾದರೆ ನಿಮ್ಮ ನೋಟುಬುಕ್ಕಿನಿಂದಲೇ ಆಗಬೇಕು ಎಂಬುದು ನನ್ನ ಅಭಿಪ್ರಾಯ. ದಿನ, ಜಾಗ, ಮಾಡುತ್ತಿದ್ದ ಕೆಲಸ, ಹಕ್ಕಿಯ ಬಣ್ಣ, ಅಜ್ಜಿ ಹೇಳಿದ ಹೆಸರು – ಇಷ್ಟು ಬರೆಯಿರಿ. ಪುಸ್ತಕದ ಹೆಸರು ಬೇರೆ ಇದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ, ಅಜ್ಜಿಯದನ್ನು ಹೊಡೆದು ಹಾಕಬೇಡಿ.

ಜೂನ್ ತಿಂಗಳ ಮೊದಲ ಮೋಡ ಕಂಡಾಗ ಒಣಗಿದ ಕುಳ್ಳು ಒಳಗೆ ಸಾಗಿಸುವ ಗಡಿಬಿಡಿ ಇರುತ್ತದೆ. ಆಗಲೂ ಒಮ್ಮೆ ತಂತಿಯ ಕಡೆ ಕಣ್ಣು ಹಾಯಿಸಿ. ಮೇಲೆ ಕಪ್ಪು, ಕೆಳಗೆ ಬಿಳುಪು, ತಲೆಯ ಮೇಲೆ ಚೂಪು ಜುಟ್ಟು ಇದ್ದರೆ ಅದು ಚಾತಕ. ಮಳೆಗಾಳಿಯ ಜೊತೆ ಸಮುದ್ರ ದಾಟಿ ಆಫ್ರಿಕಾದ ಕಡೆಯಿಂದ ಬರುತ್ತದೆ. ನಿಮ್ಮ ಅಜ್ಜಿ ಅದನ್ನು ಏನೆಂದು ಕರೆಯುತ್ತಾಳೆ? ಶಾಲೆ ತೆರೆದ ದಿನ ನಿಮ್ಮ ಗುರುಗಳಿಗೆ ಹೇಳಿ.